ಅವಿಶ್ವಾಸ ನಿರ್ಣಯ: ಹೈಕೋರ್ಟ್ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆ. ನಮ್ಮಲ್ಲಿ ಒಟ್ಟು 17 ಸದಸ್ಯರು. ಹತ್ತು ತಿಂಗಳಿಗೆ ರಾಜೀನಾಮೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು ಅಂತ ಮೊದಲೇ ಒಳ ಒಪ್ಪಂದ ಆಗಿತ್ತು. ನಾನು ಕೊಡಲಿಲ್ಲ. ಈಗ 16 ತಿಂಗಳಾಗಿದೆ. ಹತ್ತು ಜನ ಸಹಿ ಹಾಕಿ ಎಸಿ (ಅಸಿಸ್ಟೆಂಟ್ ಕಮಿಷನರ್, ಅಂದರೆ ಉಪವಿಭಾಗಾಧಿಕಾರಿ) ಅವರಿಗೆ ಅವಿಶ್ವಾಸದ ನೋಟಿಸ್ ಕೊಟ್ಟಿದ್ದಾರೆ. ಅದರಲ್ಲಿ ಕಾರಣವನ್ನೇ ಬರೆದಿಲ್ಲ. ಸಭೆಯ ನೋಟಿಸ್ 4ನೇ ತಾರೀಕಿನದು, ಅವತ್ತೇ ಕೈಗೆ ಬಂತು. ಸಭೆ 17ಕ್ಕೆ. ಹೈಕೋರ್ಟ್‌ಗೆ ಹೋದರೆ ನನ್ನ ಸ್ಥಾನ ಉಳಿಯುತ್ತಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಬೇಸರವಾಯಿತು. ಮೀಸಲಾತಿಯಲ್ಲಿ ಗೆದ್ದು ಬಂದ ಹೆಣ್ಣುಮಕ್ಕಳ ಕೈಯಲ್ಲಿ ಮೊದಲೇ ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳುವುದು, ದೇವರ ಮುಂದೆ ಆಣೆ ಮಾಡಿಸುವುದು ತಪ್ಪು. ಇಂಥ ಒಳ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಆದರೆ ಅದನ್ನು ಮುರಿದ ಸಿಟ್ಟಿಗೆ ಸದಸ್ಯರು ಅವಿಶ್ವಾಸ ತಂದರೆ ಕೋರ್ಟ್ ಆ ಸಿಟ್ಟನ್ನು ತೂಗಿ ನೋಡುವುದಿಲ್ಲ. ನೀವು ಒಳ್ಳೆಯ ಅಧ್ಯಕ್ಷೆಯೋ ಅಲ್ಲವೋ ಎನ್ನುವುದೂ ಅಲ್ಲಿನ ಪ್ರಶ್ನೆಯಲ್ಲ. ಕೋರ್ಟ್ ಎಣಿಸುವುದು ಎರಡನ್ನೇ: ದಿನ ಮತ್ತು ತಲೆ.

ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್ 49 ಪ್ರಕಾರ ಅಧ್ಯಕ್ಷರಾಗಿ ಆಯ್ಕೆಯಾದ ಮೊದಲ 15 ತಿಂಗಳು ಅವಿಶ್ವಾಸ ತರುವಂತಿಲ್ಲ. ನಿಮಗೆ 16 ಆಗಿದೆ, ಹಾಗಾಗಿ ಆ ರಕ್ಷಣೆ ಮುಗಿಯಿತು. ನೋಟಿಸ್‌ಗೆ ಕನಿಷ್ಠ ಅರ್ಧದಷ್ಟು ಸದಸ್ಯರ ಸಹಿ ಬೇಕು. 17ಕ್ಕೆ ಅರ್ಧ ಅಂದರೆ ಎಂಟೂವರೆ, ಅಂದರೆ ಒಂಬತ್ತು ಜನ. ಅವರ ಬಳಿ ಹತ್ತು ಇದೆ. ಸಹಿ ಹಾಕಿದವರಲ್ಲಿ ಇಬ್ಬರು ಖುದ್ದಾಗಿ ಹೋಗಿ ಎಸಿ ಅವರಿಗೆ ಕೊಟ್ಟಿರಬೇಕು. ಇದನ್ನು ವಿಚಾರಿಸಿ ನೋಡಿ.

ಕಾರಣ ಬರೆದಿಲ್ಲ ಎನ್ನುವ ವಾದವನ್ನು ಹೆಚ್ಚು ನೆಚ್ಚಿಕೊಳ್ಳಬೇಡಿ. ಗುಜರಾತಿನ ನಡಿಯಾದ್ ಪುರಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ: ತಪ್ಪು ಎತ್ತಿ ತೋರಿಸುವ ಖಂಡನಾ ನಿರ್ಣಯಕ್ಕೆ ಕಾರಣ ಬೇಕು, ಅವಿಶ್ವಾಸಕ್ಕೆ ಬೇಕಿಲ್ಲ. ವಿಶ್ವಾಸ ಹೋಗಿದೆ ಅಂದರೆ ಸಾಕು. ಭ್ರಷ್ಟಾಚಾರ, ಅಧಿಕಾರ ದುರ್ಬಳಕೆ ಅಂತ ಆರೋಪ ಹೊರಿಸಿ ತರುವ ಅವಿಶ್ವಾಸಕ್ಕೆ ಸೆಕ್ಷನ್ 49ರಲ್ಲೇ ಬೇರೆ ಉಪಕಲಂ ಇದೆ, ಆ ದಾರಿ ಬೇರೆ. ಪಂಚಾಯಿತಿ ಮುಖ್ಯಸ್ಥರ ಮೇಲೆ ಅವಿಶ್ವಾಸ ತರುವುದೇ ಸಂವಿಧಾನಕ್ಕೆ ವಿರುದ್ಧ ಎನ್ನುವ ವಾದವೂ ನಿಲ್ಲಲಿಲ್ಲ. ಉತ್ತರ ಪ್ರದೇಶದಿಂದ ಹೋದ ಭಾನುಮತಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ನಿಮ್ಮ ಕೈಯಲ್ಲಿರುವ ಒಂದೇ ಅಸ್ತ್ರ ತಾರೀಕು. ಗ್ರಾಮ ಪಂಚಾಯಿತಿ ಅವಿಶ್ವಾಸ ನಿರ್ಣಯಕ್ಕೆಂದೇ ಇರುವ 1994ರ ನಿಯಮದ ಪ್ರಕಾರ, ಸದಸ್ಯರು ನೋಟಿಸ್ ಕೊಟ್ಟ 30 ದಿನದೊಳಗೆ ಎಸಿ ಸಭೆ ನಡೆಸಬೇಕು. ಸದಸ್ಯರಿಗೆ ಪೂರ್ತಿ 15 ದಿನದ ನೋಟಿಸ್ ಕೊಡಬೇಕು. ನೋಟಿಸ್ ಕೊಟ್ಟ ದಿನ, ಸಭೆಯ ದಿನ ಎರಡನ್ನೂ ಬಿಟ್ಟು ಎಣಿಸಿ. 5ರಿಂದ 16ರವರೆಗೆ ಹನ್ನೆರಡೇ ದಿನ. ಮೂರು ದಿನ ಕಮ್ಮಿ.

ಹಾಗಂತ ಗೆದ್ದೆವು ಅಂದುಕೊಳ್ಳಬೇಡಿ. ಹೊಳೆನರಸೀಪುರ ಪುರಸಭೆ ಅಧ್ಯಕ್ಷರ ಮೇಲೆ 1963ರಲ್ಲಿ ಇಂಥದ್ದೇ ಅವಿಶ್ವಾಸ ಬಂದಿತ್ತು. ಅಲ್ಲಿ ಕೊಡಬೇಕಿದ್ದ ಮೂರು ದಿನದ ನೋಟಿಸ್ ಕೆಲವು ಸದಸ್ಯರಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ದಿನ ಕಮ್ಮಿಯಾದದ್ದರಿಂದ ಸಭೆಗೆ ಏನೂ ತೊಂದರೆಯಾಗಿಲ್ಲ ಅಂತ ಕೋರ್ಟ್ ನಿರ್ಣಯವನ್ನು ಎತ್ತಿಹಿಡಿಯಿತು. ಆದ್ದರಿಂದ ದಿನ ಕಮ್ಮಿ ಅಂತ ಹೇಳಿದರಷ್ಟೇ ಸಾಲದು. ಅದರಿಂದ ಯಾರಿಗೆ ಏನು ತೊಂದರೆಯಾಯಿತು ಎಂದು ತೋರಿಸಬೇಕು. ಊರಲ್ಲಿಲ್ಲದ ಸದಸ್ಯರೊಬ್ಬರಿಗೆ ನೋಟಿಸ್ ತಲುಪದೇ ಇದ್ದರೆ ಅದು ದೊಡ್ಡ ಮಾತು.

ಈಗಲೇ ಎಸಿ ಅವರಿಗೆ ಆಕ್ಷೇಪಣೆ ಬರೆದು ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಧಿಕಾರಿಯ ಕ್ರಮವನ್ನು ಪ್ರಶ್ನಿಸಿ ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕುವುದಾದರೆ ಸಭೆಗೆ ಮೊದಲೇ ಹಾಕಿ. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರುತ್ತದೋ ಅಲ್ಲಿ. ನಿರ್ಣಯ ಪಾಸಾದ ಕೂಡಲೇ ಹುದ್ದೆ ಖಾಲಿಯಾಯಿತು ಅಂತಲೇ ಕಾಯ್ದೆ ಹೇಳುತ್ತದೆ. ಆಮೇಲೆ ಹೊಸ ಅಧ್ಯಕ್ಷರ ಚುನಾವಣೆಯೂ ಆಗಿಬಿಟ್ಟರೆ ದಾರಿ ಇನ್ನೂ ಕಷ್ಟ. ಒಂದು ಮಾತು ಮುಚ್ಚಿಡದೆ ಹೇಳಬೇಕು. ನೋಟಿಸ್ ದೋಷಕ್ಕೆ ಕೋರ್ಟ್ ಸಭೆಯನ್ನು ರದ್ದು ಮಾಡಿದರೂ, ದೋಷ ಸರಿಮಾಡಿ ಮತ್ತೆ ಸಭೆ ಕರೆಯಬಹುದು. ನಿಮಗೆ ಸಿಗುವುದು ಸಮಯ ಅಷ್ಟೇ.

ಹಾಗಾಗಿ ತಲೆ ಎಣಿಸಿ. ನಿರ್ಣಯ ಪಾಸಾಗಲು ಮೂರನೇ ಎರಡರಷ್ಟು ಬಹುಮತ ಬೇಕು. ಅದೂ ಅವತ್ತು ಹಾಜರಿದ್ದವರ ಲೆಕ್ಕದಲ್ಲಲ್ಲ, ಒಟ್ಟು ಸದಸ್ಯರ ಲೆಕ್ಕದಲ್ಲಿ. 17ಕ್ಕೆ ಹನ್ನೊಂದು ಸಾಲದು, ಹನ್ನೆರಡು ಬೇಕು. ಅವರ ಕಡೆ ಈಗ ಇರುವುದು ಹತ್ತು ಸಹಿ. ಸಹಿ ಹಾಕದವರು ನಿಮ್ಮನ್ನೂ ಸೇರಿಸಿ ಏಳು ಜನ. ಅವರಲ್ಲಿ ಇಬ್ಬರು ಆ ಕಡೆ ವಾಲಿದರೆ ನಿಮ್ಮ ಸ್ಥಾನ ಹೋಗುತ್ತದೆ, ಒಬ್ಬರೇ ಹೋದರೆ ಉಳಿಯುತ್ತದೆ. ವಕೀಲರನ್ನು ಕಂಡು ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಇವತ್ತು ಸಂಜೆ ಮೊದಲು ಆ ಆರು ಜನರ ಮನೆಗೆ ಹೋಗಿ ಮಾತಾಡಿ.