ಡಾಕ್ಟರಮ್ಮನಿಗೆ ಕೇಳಿ: ರೊಟ್ಟಿ ತಿಂದವರಿಗೂ ಕರುಳಿನ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಆಪರೇಷನ್ ಆಯಿತು. ಆಗ ಅವರಿಗೆ 58. ಅವತ್ತಿನಿಂದ ಮನೆಯಲ್ಲಿ ಬರೀ ನಾರಿನದೇ (ಫೈಬರ್) ಮಾತು. ಭಾವ ಬೆಳಗಾವಿಯಿಂದ ನಾರಿನ ಪುಡಿಯ ಡಬ್ಬಿ ತಂದುಕೊಟ್ಟಿದ್ದಾರೆ, 800 ರೂಪಾಯಿ. ನಾರಿನಿಂದ ಏನೂ ಉಪಯೋಗವಿಲ್ಲ, ಅಮೆರಿಕದವರೇ ಅದನ್ನು ಸಾಬೀತು ಮಾಡಿದ್ದಾರೆ ಅಂತ ತಮ್ಮ ಜಗಳ ತೆಗೆಯುತ್ತಾನೆ. ಅಪ್ಪ ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವರು. ಅವರಿಗೇ ಬಂತಲ್ಲ? ನಾನೇನು ತಿನ್ನಬೇಕು?
– ಓದುಗರು, ಜಮಖಂಡಿ

ಉತ್ತರ: ನಿಮ್ಮ ತಮ್ಮನಿಂದಲೇ ಶುರು ಮಾಡೋಣ. ಅವರ ಮಾತು ಅರ್ಧ ಸರಿ. ಅವರು ಕಥೆಯನ್ನು ನಡುವಿನಲ್ಲೇ ಬಿಟ್ಟುಬಿಟ್ಟಿದ್ದಾರೆ, ಅಷ್ಟೇ.

ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ ಉಗಾಂಡಾದಲ್ಲಿ ಬಹಳ ವರ್ಷ ಕೆಲಸ ಮಾಡಿದರು. ಅಲ್ಲಿನ ಹಳ್ಳಿ ಜನರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಲು ಅಪರೂಪ ಎಂಬುದು ಅವರ ಕಣ್ಣಿಗೆ ಬಿತ್ತು. ಅವರೂ ಅವರ ಜೊತೆಯವರೂ ಜನರ ಮಲವನ್ನು ತೂಗಿದರು. ತಿಂದದ್ದು ಹೊರಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಇಟ್ಟರು. ನಗಬೇಡಿ, ಆ ತಕ್ಕಡಿಯಿಂದಲೇ ಇವತ್ತು ನಾವು ಮಾತಾಡುತ್ತಿರುವ ವಿಷಯ ಹುಟ್ಟಿದ್ದು. ನಾರು ಜಾಸ್ತಿ ತಿಂದರೆ ಮಲ ಹೆಚ್ಚು, ಬೇಗ ಹೊರಗೆ, ಕ್ಯಾನ್ಸರ್ ಕಡಿಮೆ ಎಂದು 1971ರಲ್ಲಿ ಬರ್ಕಿಟ್ ಬರೆದರು. ಜಗತ್ತೆಲ್ಲ ನಾರಿನ ಹಿಂದೆ ಬಿತ್ತು.

ಆಮೇಲೆ ಬಂತು ನಿಮ್ಮ ತಮ್ಮ ಹೇಳುವ ಅಮೆರಿಕದ ಸುದ್ದಿ. 1999ರಲ್ಲಿ ಸುಮಾರು 88 ಸಾವಿರ ನರ್ಸ್‌ಗಳ 16 ವರ್ಷದ ಲೆಕ್ಕ ಹೊರಬಿತ್ತು. ನಾರು ಜಾಸ್ತಿ ತಿಂದವರಿಗೂ ಕಡಿಮೆ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಇನ್ನೆರಡು ಪ್ರಯೋಗಗಳ ಫಲಿತಾಂಶ ಬಂತು. ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟುಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ. ಅಂಥ ಗಂಟು ತೆಗೆಸಿಕೊಂಡವರಿಗೆ ಒಂದು ಕಡೆ ಗೋಧಿ ತೌಡು ಕೊಟ್ಟರು. ಇನ್ನೊಂದು ಕಡೆ ನಾರು ಹೆಚ್ಚು, ಕೊಬ್ಬು ಕಡಿಮೆ ಇರುವ ಊಟ ಮಾಡಿಸಿದರು. ಮೂರು ನಾಲ್ಕು ವರ್ಷವಾದ ಮೇಲೆ ನೋಡಿದರೆ ಗಂಟುಗಳು ಮತ್ತೆ ಅಷ್ಟೇ ಬಂದಿದ್ದವು.

ನಿಮ್ಮ ತಮ್ಮ ಓದುವುದನ್ನು ಇಲ್ಲಿಗೆ ನಿಲ್ಲಿಸಿದ್ದಾರೆ. ಆದರೆ 2003ರಲ್ಲಿ ಯುರೋಪಿನ 10 ದೇಶಗಳ ಐದು ಲಕ್ಷಕ್ಕೂ ಮಿಕ್ಕಿದ ಜನರ ಲೆಕ್ಕ ಬಂತು. ಅದರಲ್ಲಿ ನಾರು ಜಾಸ್ತಿ ತಿಂದವರಿಗೆ ಕ್ಯಾನ್ಸರ್ ಕಡಿಮೆ ಇತ್ತು. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ದಿನಕ್ಕೆ 10 ಗ್ರಾಂ ನಾರು ಹೆಚ್ಚಾದರೆ ಅಪಾಯ ಸುಮಾರು ಶೇ. 10 ಇಳಿಯುತ್ತದೆ ಎಂದು ಕಂಡಿತು. ಇಡೀ ಧಾನ್ಯದ ನಾರಿನಲ್ಲಿ ಈ ಲಾಭ ಚೆನ್ನಾಗಿ ಕಂಡಿತು. ಹಾಗಾದರೆ ಆ ಪ್ರಯೋಗಗಳು ಸುಳ್ಳೇ? ಸುಳ್ಳಲ್ಲ, ಅವಧಿ ಸಾಲದು ಅಂತ ನನ್ನ ಲೆಕ್ಕ. ಗಂಟು ಕ್ಯಾನ್ಸರ್ ಆಗಲು ಹತ್ತು ವರ್ಷದ ಹತ್ತಿರ ಬೇಕು. ಮೂರು ವರ್ಷದ ತೌಡು ಅಲ್ಲಿ ಏನು ತಾನೇ ಮಾಡೀತು?

ನಾರು ಒಳಗೆ ಹೋಗಿ ಮಾಡುವುದೇನು? ಪೊರಕೆಯಂತೆ ಕರುಳನ್ನು ಗುಡಿಸುತ್ತದೆ ಎಂದು ಹೇಳುವುದುಂಟು. ನಾನೂ ಮೊದಲು ಹಾಗೇ ಹೇಳುತ್ತಿದ್ದೆ. ನಿಜವಾದ ಕೆಲಸ ಅದಕ್ಕಿಂತ ಸೊಗಸಾಗಿದೆ. ನಾರನ್ನು ಅರಗಿಸುವ ಶಕ್ತಿ ನಮಗಿಲ್ಲ, ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಇದೆ. ಅವು ನಾರನ್ನು ಹುಳಿ ಬರಿಸಿ ತಿನ್ನುತ್ತವೆ, ಬ್ಯುಟಿರೇಟ್ ಎಂಬ ಪದಾರ್ಥ ಬಿಡುತ್ತವೆ. ಕರುಳಿನ ಒಳಗೋಡೆಯ ಕೋಶಗಳಿಗೆ ಅದೇ ಮುಖ್ಯ ಊಟ. ನಾವು ನಾರು ತಿನ್ನದಿದ್ದರೆ ಆ ಕೋಶಗಳು ಉಪವಾಸ.

ಈಗ ನಮ್ಮ ತಾಟಿಗೆ ಬರೋಣ. ನಾನು ವಿಜಯಪುರದ ಕಡೆಯ ಡೋಣಿ ನದಿ ಸೀಮೆಯ ಮಗಳು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎನ್ನುವ ಮಾತು ಕೇಳಿಕೊಂಡೇ ಬೆಳೆದವಳು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ಮೈದಾದಲ್ಲೂ ಇಲ್ಲ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 5 ಗ್ರಾಂ ನಾರು ಬಂತು. ಜೊತೆಗೆ ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಹಕ್ಕರಿಕೆ ಸೊಪ್ಪು, ಮೇಲೆ ಅಗಸಿ ಚಟ್ನಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಹೊತ್ತು ಹೀಗೆ ಉಂಡರೆ ಅದನ್ನು ದಾಟುತ್ತೀರಿ. ಆದರೆ ಎಷ್ಟು ಮನೆಯಲ್ಲಿ ಈಗ ಹೀಗೆ ಉಣ್ಣುತ್ತಾರೆ? ರೊಟ್ಟಿ ಬಡಿಯಲು ಬೇಸರ. ಬೆಳಿಗ್ಗೆ ಚಹಾಕ್ಕೆ ಟೋಸ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಮಿರ್ಚಿ ಭಜಿ, ರಾತ್ರಿ ಮತ್ತೆ ಅನ್ನ. ಒಂದೇ ಒಂದು ರೊಟ್ಟಿ ಶಾಸ್ತ್ರಕ್ಕೆ. ನಾವು ರೊಟ್ಟಿ ಜನ ಎಂದು ಹೇಳಿಕೊಳ್ಳುವುದು ಮಾತ್ರ ಬಿಟ್ಟಿಲ್ಲ.

ನಿಮ್ಮ ಅಪ್ಪನ ಮಾತು. ಅವರು ನಿಜವಾಗಿಯೂ ರೊಟ್ಟಿ ತಿಂದವರು ಎಂದೇ ಇಟ್ಟುಕೊಳ್ಳಿ. ಶೇ. 10 ಕಡಿಮೆ ಎಂದರೆ 100 ಜನಕ್ಕೆ ಬರುವುದು 90 ಜನಕ್ಕೆ ಬಂತು ಎಂದರ್ಥ. ಆ 90ರಲ್ಲಿ ರೊಟ್ಟಿ ತಿಂದವರೂ ಇರುತ್ತಾರೆ. ವಯಸ್ಸು, ಮನೆತನದಲ್ಲಿ ಬಂದದ್ದು, ಬೊಜ್ಜು, ಕುಡಿತ, ಬೀಡಿ ಸಿಗರೇಟು, ಕೂತಲ್ಲೇ ಕೂರುವುದು, ಕೆಂಪು ಮಾಂಸ ಜಾಸ್ತಿ ತಿನ್ನುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಅಂಗಡಿ ಗಲ್ಲೆಯ ಮೇಲೆ ದಿನಕ್ಕೆ ಎಷ್ಟು ತಾಸು ಕೂರುತ್ತೀರಿ ಎಂದು ನೀವು ಬರೆದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಮ್ಮ ಕಾಕಾ ಹೊಲದ ಮನುಷ್ಯ. ಊಟಕ್ಕೆ ಕೂತರೆ ಮೂರು ರೊಟ್ಟಿ. ಒಂದು ದಿನ ಫೋನ್ ಮಾಡಿ, ಸಂಡಾಸಕ್ಕೆ ಹೋದಾಗ ರಕ್ತ ಬೀಳುತ್ತಿದೆ ಎಂದರು. ನಾನು ಗಾಬರಿಯಾಗುವ ಮೊದಲೇ ಅವರೇ ಸಮಾಧಾನ ಹೇಳಿದರು: ‘ಏನಿಲ್ಲ ಬಿಡವಾ, ಉಷ್ಣ ಆಗೇತಿ, ಮೂಲವ್ಯಾಧಿ ಇರಬೇಕು.’ ನನಗೂ ಹಾಗೇ ಅನಿಸಿತು. ಇಷ್ಟು ರೊಟ್ಟಿ, ಇಷ್ಟು ಕಾಯಿಪಲ್ಯ ತಿನ್ನುವವರಿಗೆ ಬೇರೇನು ಬಂದೀತು? ಇಸಬಗೋಲ್ (ನಾರಿನ ಹೊಟ್ಟು) ತಗೊಳ್ಳಿ ಕಾಕಾ, ನೀರು ಜಾಸ್ತಿ ಕುಡಿಯಿರಿ ಎಂದು ಫೋನ್ ಇಟ್ಟೆ. ಏಳು ತಿಂಗಳ ಮೇಲೆ ಮದುವೆ ಮನೆಯಲ್ಲಿ ಕಂಡರು. ಅಂಗಿ ಹೆಗಲ ಮೇಲೆ ಜೋತುಬಿದ್ದಿತ್ತು, ಕಣ್ಣು ಬೆಳ್ಳಗಾಗಿದ್ದವು. ಮರುದಿನವೇ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ ಮಾಡಿಸಿದೆವು. ಗಡ್ಡೆ ಇತ್ತು. ಆಪರೇಷನ್, ಕಿಮೋ ಎಲ್ಲ ಆಯಿತು, ಕಾಕಾ ಇದ್ದಾರೆ. ಆದರೆ ಆ ಏಳು ತಿಂಗಳು ನಾನು ಕಳೆದದ್ದು. ಬೇರೆ ಯಾವ ರೋಗಿಯಾದರೂ ಇದೇ ಮಾತು ಹೇಳಿದ್ದರೆ ಟೇಬಲ್ ಮೇಲೆ ಮಲಗಿಸಿ ಪರೀಕ್ಷೆ ಮಾಡುತ್ತಿದ್ದೆ.

ಆದ್ದರಿಂದ ನೀವು ಕೇಳದ ಪ್ರಶ್ನೆಗೂ ಉತ್ತರ ಬರೆಯುತ್ತಿದ್ದೇನೆ. ತಂದೆಗೆ 60ರ ಒಳಗೆ ಈ ಕ್ಯಾನ್ಸರ್ ಬಂದಿದ್ದರೆ ಮಕ್ಕಳು 40ನೇ ವಯಸ್ಸಿಗೆ ಕೊಲೊನೊಸ್ಕೋಪಿ ಮಾಡಿಸಬೇಕು. ತಂದೆಗೆ ರೋಗ ಕಂಡ ವಯಸ್ಸಿನಲ್ಲಿ 10 ಕಳೆದರೆ 40ಕ್ಕಿಂತ ಕಡಿಮೆ ಬರುತ್ತದೆಯಾದರೆ ಇನ್ನೂ ಮೊದಲೇ. ನಿಮ್ಮ ಅಪ್ಪನ 58ರಲ್ಲಿ 10 ಕಳೆದರೆ 48, ಹಾಗಾಗಿ ನೀವು 40ಕ್ಕೆ ಮಾಡಿಸಬೇಕು, ಅಂದರೆ ಇನ್ನು ಎರಡು ವರ್ಷ. ನಿಮ್ಮ ತಮ್ಮ, ಅಕ್ಕ ತಂಗಿ ಎಲ್ಲರಿಗೂ ಇದು ಅನ್ವಯಿಸುತ್ತದೆ. ಮನೆತನದಲ್ಲಿ ಇನ್ನೂ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ, ಆಗ ಲೆಕ್ಕ ಬೇರೆ. ಹಿಂದಿನ ದಿನ ಹೊಟ್ಟೆ ಖಾಲಿಯಾಗಲು ಕುಡಿಯುವ ಔಷಧಿ ಸ್ವಲ್ಪ ಕಷ್ಟ. ಪರೀಕ್ಷೆ ಅಷ್ಟು ಕಷ್ಟವಲ್ಲ. ಗಂಟು ಕಂಡರೆ ಸಾಮಾನ್ಯವಾಗಿ ಅಲ್ಲೇ ತೆಗೆಯುತ್ತಾರೆ. ರಕ್ತ ಬಿದ್ದರೆ, ಮಲದ ರೂಢಿ ಬದಲಾದರೆ, ತೂಕ ಸುಮ್ನೆ ಇಳಿದರೆ 40 ಆಗಲಿ ಎಂದು ಕಾಯಬೇಡಿ.

ಭಾವ ತಂದ ಡಬ್ಬಿ? ಹಿಂದಿನ ಚೀಟಿ ಓದಿ. ಇಸಬಗೋಲ್ ಇದ್ದರೆ ಅದು ಮೆಡಿಕಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಮಲಬದ್ಧತೆಗೆ ಅದು ಒಳ್ಳೆಯದೇ. ಆದರೆ ಕ್ಯಾನ್ಸರ್ ತಡೆಯಲೆಂದು ತಿನ್ನಬೇಡಿ. ಗಂಟು ತೆಗೆಸಿಕೊಂಡವರಿಗೆ ಯುರೋಪಿನಲ್ಲಿ ಇಸಬಗೋಲ್ ಕೊಟ್ಟು ನೋಡಿದ್ದರು. 2000ರಲ್ಲಿ ಫಲಿತಾಂಶ ಬಂದಾಗ ಗಂಟು ಕಡಿಮೆ ಆಗಿರಲಿಲ್ಲ, ತುಸು ಜಾಸ್ತಿಯೇ ಆಗಿದ್ದವು. ಅಪ್ಪನಿಗೆ ಅವರ ಸರ್ಜನ್‌ರನ್ನು ಕೇಳದೆ ಆ ಪುಡಿ ಕೊಡಬೇಡಿ. ಆಪರೇಷನ್ ಆದ ಕರುಳು ಕಿರಿದಾಗಿದ್ದರೆ ನಾರು ಅಲ್ಲೇ ಸಿಕ್ಕಿಕೊಳ್ಳಬಹುದು.

ಪ್ರಶ್ನೆ: ನಿಮ್ಮ ಹಳೆಯ ಉತ್ತರ ಓದಿ ಅನ್ನ ಬಿಟ್ಟು ಎರಡೂ ಹೊತ್ತು ರೊಟ್ಟಿ, ಕಾಳು ಶುರು ಮಾಡಿದೆ. ಹೊಟ್ಟೆ ಡೊಳ್ಳಾಗಿದೆ. ಮನೆಯವರು ಬೈಯುತ್ತಿದ್ದಾರೆ.
– ಓದುಗರು, ಅಥಣಿ

ಉತ್ತರ: ಬೈಗುಳದಲ್ಲಿ ನನಗೂ ಪಾಲಿದೆ, ಕ್ಷಮಿಸಿ. ಒಮ್ಮೆಲೇ ಬದಲಾಯಿಸಬಾರದು ಎಂದು ಅಂದು ಬರೆಯಬೇಕಿತ್ತು. ಬ್ಯಾಕ್ಟೀರಿಯಾಗಳಿಗೂ ರೂಢಿಯಾಗಬೇಕು ಅಲ್ವಾ? ಸದ್ಯ ಒಂದು ಹೊತ್ತು ಮಾತ್ರ ರೊಟ್ಟಿ ತಿನ್ನಿ. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ. ನೀರು ಚೆನ್ನಾಗಿ ಕುಡಿಯಿರಿ. ಹೊಟ್ಟೆ ಉಬ್ಬುವುದರ ಜೊತೆಗೆ ವಾಂತಿ ಆಗಿ ಗಾಳಿಯೂ ಹೋಗದಿದ್ದರೆ ಅದು ರೊಟ್ಟಿಯ ತಂಟೆಯಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ದಿನಾ ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದರೆ ಕರುಳು ತೊಳೆದುಹೋಗುತ್ತದಂತೆ, ಹೌದೇ?
– ಓದುಗರು, ಇಂಡಿ

ಉತ್ತರ: ಲಿಂಬೆಗೇ ಹೆಸರಾದ ಇಂಡಿಯವರೇ ಲಿಂಬೆಯ ಬಗ್ಗೆ ನನ್ನನ್ನು ಕೇಳಿದರೆ ಹೇಗೆ! ರುಚಿಗೆ ಕುಡಿಯಿರಿ, ಅಡ್ಡಿ ಇಲ್ಲ. ಕರುಳನ್ನು ಯಾವ ನೀರೂ ತೊಳೆಯಬೇಕಾಗಿಲ್ಲ. ಹಿಂಡಿದ ರಸದಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ. ಅದೇ ಲಿಂಬೆಯನ್ನು ಸಿಪ್ಪೆ ಸಮೇತ ಉಪ್ಪಿನಕಾಯಿ ಹಾಕಿದರೆ ಸ್ವಲ್ಪ ನಾರೇನೋ ಸಿಕ್ಕೀತು, ಆದರೆ ಉಪ್ಪು ಜಾಸ್ತಿ. ಬಿ.ಪಿ. ಇದ್ದರೆ ಒಂದು ಹೋಳು ಸಾಕು.