ಸಂಖ್ಯಾಶಾಸ್ತ್ರ ಬರಲ್ಲ ಅಂತ ಅರ್ಜಿ ಬಿಡಬೇಡಿ

ಪಿಎಚ್‌ಡಿ ಮೊದಲ ವರ್ಷ, ಸಂಖ್ಯಾಶಾಸ್ತ್ರ ಓದಿಲ್ಲ, ಡೆಲಿಬರೇಟಿವ್ ಡೆಮಾಕ್ರಸಿ (ಜನ ಒಟ್ಟಿಗೆ ಕೂತು, ಕಾರಣ ಕೊಟ್ಟು ಚರ್ಚಿಸಿ ತೀರ್ಮಾನಕ್ಕೆ ಬರುವ ಪ್ರಜಾಪ್ರಭುತ್ವ) ಸಮ್ಮರ್ ಸ್ಕೂಲ್‌ಗೆ ಅರ್ಜಿ ಹಾಕಲೋ ಬೇಡವೋ ಅಂತ ಕೇಳಿದ್ದೀರಿ. ಖಂಡಿತ ಹಾಕಿ.

ನಾನು ಹೋಗಿದ್ದ ಸಮ್ಮರ್ ಸ್ಕೂಲ್‌ನಲ್ಲಿ ನನಗೆ ಜಾಸ್ತಿ ಕಲಿಸಿದ್ದು ಒಂದು ಮಧ್ಯಾಹ್ನದ ಅಭ್ಯಾಸ. ಒಂದು ಚರ್ಚೆಯನ್ನು ಅಕ್ಷರಕ್ಕಿಳಿಸಿದ ಹಾಳೆಗಳನ್ನು ಕೊಟ್ಟು, ಪ್ರತಿ ಮಾತಿಗೂ ಅಂಕ ಹಾಕಿ ಅಂದರು: ಕಾರಣ ಕೊಟ್ಟರಾ, ಎದುರಿನವರ ವಾದಕ್ಕೆ ಗೌರವ ಇತ್ತಾ, ಎಲ್ಲರ ಒಳಿತಿನ ಮಾತು ಬಂತಾ. ಡಿಸ್ಕೋರ್ಸ್ ಕ್ವಾಲಿಟಿ ಇಂಡೆಕ್ಸ್ ಅಂತ 2003ರಲ್ಲಿ ಬಂದ ಅಳತೆಗೋಲು ಅದು. ಆ ಚರ್ಚೆಯಲ್ಲಿ ಒಬ್ಬ ಹೆಂಗಸು ತಾಯಿಯ ಕಾಯಿಲೆಯ ಕಥೆ ಹೇಳಿ ಸುಮ್ಮನಾಗಿದ್ದರು. ಅದು ಕಾರಣವೋ, ಬರೀ ಕಥೆಯೋ? ನಮ್ಮ ಗುಂಪಿನ ಮೂವರೂ ಬೇರೆ ಬೇರೆ ಅಂಕ ಹಾಕಿದ್ದೆವು, ಒಂದು ಗಂಟೆ ವಾದ ಮಾಡಿದೆವು. ಅಲ್ಲಿ ಬೇಕಾಗಿದ್ದು ಗಣಿತ ಅಲ್ಲ, ತಾಳ್ಮೆ. ಚರ್ಚೆಗೆ ಮುಂಚಿನ ಮತ್ತು ಆಮೇಲಿನ ಅಭಿಪ್ರಾಯ ಹೋಲಿಸುವ ಡೆಲಿಬರೇಟಿವ್ ಪೋಲ್ ನಿಮ್ಮ ವಿಷಯವಾದರೆ ಮಾತ್ರ ಸಂಖ್ಯಾಶಾಸ್ತ್ರ ಸ್ವಲ್ಪ ಓದಿಕೊಂಡು ಹೋಗಿ.

ಅರ್ಜಿಯಲ್ಲಿ ಈ ವಿಚಾರದ ದೊಡ್ಡ ಚಿಂತಕ, ಜರ್ಮನ್ ತತ್ವಜ್ಞಾನಿ ಹೇಬರ್‌ಮಾಸ್ ಬಗ್ಗೆ ಸುಮ್ನೆ ಎರಡು ಪುಟ ತುಂಬಿಸಬೇಡಿ. ನಿಮ್ಮನ್ನು ನಿಜವಾಗಿ ಕಾಡುವ ಒಂದು ಪ್ರಶ್ನೆ ಇಡಿ. ಈಗ ನೋಡಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಲ್ಲಿ ಲಾಟರಿ ಎತ್ತಿ ಆರಿಸಿದ ನಾಗರಿಕರು ತಿಂಗಳುಗಟ್ಟಲೆ ಕೂತು ಚುನಾವಣಾ ಪದ್ಧತಿ ಬದಲಿಸಿ ಅಂತ ಶಿಫಾರಸು ಮಾಡಿದರು, ಆದರೆ 2005ರ ಜನಮತಗಣನೆಯಲ್ಲಿ ಶೇ. 57ಕ್ಕಿಂತ ಜಾಸ್ತಿ ಮತ ಬಿದ್ದರೂ ಶೇ. 60 ಬೇಕಿದ್ದರಿಂದ ಅದು ಜಾರಿಯಾಗಲಿಲ್ಲ. ಒಳಗೆ ಕೂತವರು ಕಲಿತದ್ದು ಹೊರಗಿನ ಮತದಾರರಿಗೆ ಎಷ್ಟು ತಲುಪಿತು? ದೊಡ್ಡ ಪ್ರಶ್ನೆ ಅಲ್ವಾ?

ಹೋಗುವ ಮುಂಚೆ ಯಾವುದಾದರೂ ಚರ್ಚೆಯ ಹತ್ತು ನಿಮಿಷದ ಧ್ವನಿಮುದ್ರಣ ನೀವೇ ಟೈಪ್ ಮಾಡಿ, ಯಾರು ಎಷ್ಟು ಸಲ ಮಾತಾಡಿದರು ಅಂತ ಎಣಿಸಿ ನೋಡಿ.