ರೆಫರಲ್‌ಗೆ, ಲ್ಯಾಬ್ ಕೆಲಸಕ್ಕೆ ದಂತವೈದ್ಯರು ಇಮೇಲ್ ಹೇಗೆ ಬರೆಯಬೇಕು?

ಹೊಸದಾಗಿ ಕ್ಲಿನಿಕ್ ತೆರೆದಿದ್ದೀರಿ, ರೆಫರಲ್‌ಗೂ (ರೋಗಿಯನ್ನು ಬೇರೆ ವೈದ್ಯರ ಬಳಿ ಕಳಿಸುವುದು) ಹಲ್ಲಿನ ಕ್ಯಾಪ್ ಮುಂತಾದವನ್ನು ಮಾಡಿಕೊಡುವ ಲ್ಯಾಬ್‌ಗೂ ಕಳಿಸುವ ಮೇಲ್‌ನಲ್ಲಿ ಏನಿರಬೇಕು ಎಂದು ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು ಹಲ್ಲಿನ ನಂಬರ್ ಬರೆಯುವ ರೀತಿ ಸರಿ ಮಾಡಿಕೊಳ್ಳಿ.

‘16 ಕೀಳಬೇಕು’ ಎಂದಷ್ಟೇ ಬರೆದ ಮೇಲ್ ಅಪಾಯಕಾರಿ. ಹಲ್ಲುಗಳಿಗೆ ಎರಡಂಕಿಯ ನಂಬರ್ ಕೊಡುವ ಎಫ್‌ಡಿಐ ಪದ್ಧತಿಯಲ್ಲಿ 16 ಅಂದರೆ ಮೇಲಿನ ಬಲಗಡೆಯ ಮೊದಲ ದವಡೆಹಲ್ಲು (ಮೋಲಾರ್). ಅಮೆರಿಕದ ಯೂನಿವರ್ಸಲ್ ಪದ್ಧತಿಯಲ್ಲಿ ಅದೇ 16 ಮೇಲಿನ ಎಡಗಡೆಯ ಬುದ್ಧಿಹಲ್ಲು. ಹಾಗಾಗಿ ನಂಬರಿನ ಪಕ್ಕದಲ್ಲೇ ಮಾತಿನಲ್ಲೂ ಬರೆಯಿರಿ: ‘16, ಎಫ್‌ಡಿಐ, ಮೇಲೆ ಬಲ, ಮೊದಲ ಮೋಲಾರ್’. ಹಲ್ಲು ನೇರಗೊಳಿಸುವ ಕ್ಲಿಪ್ ಹಾಕುವ ಮುನ್ನ ಪ್ರೀಮೋಲಾರ್ (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲು) ತೆಗೆಸುವಾಗಂತೂ ಇದನ್ನು ಬಿಡಲೇಬೇಡಿ. ಆ ಹಲ್ಲುಗಳಲ್ಲಿ ಸಾಮಾನ್ಯವಾಗಿ ಹುಳುಕಿರುವುದಿಲ್ಲ. ನಂಬರ್ ತಪ್ಪಿದ್ದರೆ ಎಕ್ಸ್‌ರೇ ನೋಡಿದರೂ ಸುಳಿವು ಸಿಗುವುದಿಲ್ಲ.

ರೆಫರಲ್‌ನಲ್ಲಿ ‘ದಯವಿಟ್ಟು ನೋಡಿ’ ಎಂದರೆ ಸಾಲದು. ಏನು ಮಾಡಿಕೊಡಬೇಕು, ಈವರೆಗೆ ನೀವು ಏನು ಮಾಡಿದ್ದೀರಿ, ತಣ್ಣನೆ ತಾಗಿಸಿದಾಗ ಮತ್ತು ಹಲ್ಲು ತಟ್ಟಿದಾಗ ಏನಾಯಿತು, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಯಾವ ಔಷಧಿಗೆ ಅಲರ್ಜಿ, ಇಷ್ಟೂ ಬೇಕು.

ಎಕ್ಸ್‌ರೇಯನ್ನು ಸಾಫ್ಟ್‌ವೇರ್‌ನಿಂದಲೇ ಎಕ್ಸ್‌ಪೋರ್ಟ್ ಮಾಡಿ. ಮಾನಿಟರ್‌ನ ಫೋಟೋ ತೆಗೆದು ಕಳಿಸಿದರೆ ಬೇರಿನ ತುದಿಯ ಸಣ್ಣ ಕಪ್ಪು ನೆರಳು ಪರದೆಯ ಗೆರೆಗಳಲ್ಲಿ ಕಳೆದುಹೋಗುತ್ತದೆ. ಸಿಬಿಸಿಟಿ (ದವಡೆಯ 3ಡಿ ಎಕ್ಸ್‌ರೇ) ಸ್ಕ್ಯಾನ್ ನೂರಾರು ಎಂಬಿ ಇರಬಹುದು. ಜಿಮೇಲ್‌ನ ಮಿತಿ 25 ಎಂಬಿ. ಅದೂ ಅಲ್ಲದೆ ಮೇಲ್‌ನಲ್ಲಿ ಹೋಗುವಾಗ ಫೈಲ್ ಸುಮಾರು ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ, 20 ಎಂಬಿಯದ್ದೂ ಕೆಲವು ಸರ್ವರ್‌ಗಳಿಂದ ವಾಪಸ್ ಬರಬಹುದು. ಸ್ಕ್ಯಾನ್ ಚಿತ್ರಗಳಿರುವ ಡೈಕಾಮ್ (ವೈದ್ಯಕೀಯ ಚಿತ್ರಗಳ ಫೈಲ್ ಮಾದರಿ) ಫೋಲ್ಡರನ್ನು ಪೂರ್ತಿ ಜಿಪ್ ಮಾಡಿ, ಪಾಸ್‌ವರ್ಡ್ ಹಾಕಿ, ಆ ವೈದ್ಯರ ಖಾತೆಗೆ ಮಾತ್ರ ತೆರೆಯುವ ಲಿಂಕ್ ಕಳಿಸಿ. ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ಸಬ್ಜೆಕ್ಟ್ ಸಾಲಿನಲ್ಲಿ ರೋಗಿಯ ಹೆಸರು ಬೇಡ, ಕೇಸ್ ನಂಬರ್ ಸಾಕು. ಕಳಿಸುವ ಮುನ್ನ ವಿಳಾಸ ಇನ್ನೊಮ್ಮೆ ನೋಡಿ, ಎರಡಕ್ಷರ ಟೈಪ್ ಮಾಡುತ್ತಲೇ ಹಳೆಯ ವಿಳಾಸ ತಾನಾಗಿ ತುಂಬಿಕೊಳ್ಳುತ್ತದೆ. ದಾಖಲೆಗಳು ಎಷ್ಟೋ ಸಲ ಬೇರೆಯವರ ಕೈ ಸೇರುವುದು ಹೀಗೆಯೇ.

ಲ್ಯಾಬ್‌ಗೆ ಮೇಲಿನ ಸಾಲು, ಕೆಳಗಿನ ಸಾಲು, ಬೈಟ್ (ಹಲ್ಲು ಕಚ್ಚಿದಾಗ ಎರಡೂ ಸಾಲು ಕೂಡುವ ರೀತಿ), ಮೂರೂ ಸ್ಕ್ಯಾನ್ ಕಳಿಸಿ. 3ಡಿ ಸ್ಕ್ಯಾನ್ ಉಳಿಸುವ ಮಾಮೂಲಿ ಎಸ್‌ಟಿಎಲ್ ಫೈಲ್‌ನಲ್ಲಿ ಬಣ್ಣ ಉಳಿಯುವುದಿಲ್ಲ, ಪಿಎಲ್‌ವೈ ಫೈಲ್‌ನಲ್ಲಿ ಉಳಿಯುತ್ತದೆ; ಆದರೂ ಶೇಡ್‌ಗೆ (ಹಲ್ಲಿನ ಬಣ್ಣಕ್ಕೆ) ಬೇರೆ ಫೋಟೋ ಬೇಕೇ ಬೇಕು. ಆ ಫೋಟೋವನ್ನು ಹಲ್ಲು ಕೊರೆಯುವ ಮುನ್ನವೇ ತೆಗೆಯಿರಿ, ಏಕೆಂದರೆ ಒಣಗಿದ ಹಲ್ಲು ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಶೇಡ್ ಟ್ಯಾಬ್ (ಬಣ್ಣ ಹೋಲಿಸುವ ಮಾದರಿ ಹಲ್ಲು) ಹಲ್ಲಿನಷ್ಟೇ ಮುಂದಿರಲಿ, ಅದರ ಮೇಲಿನ ‘ಎ2’ ಎಂಬಂಥ ಬಣ್ಣದ ಗುರುತು ಫೋಟೋದಲ್ಲಿ ಓದುವಂತಿರಲಿ, ಯಾವ ಶೇಡ್ ಗೈಡ್ ಎಂಬುದನ್ನೂ ಬರೆಯಿರಿ.

ಮುಖ ಊದಿಕೊಂಡಿದ್ದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾಗುತ್ತಿದ್ದರೆ ಮೊದಲು ಫೋನ್ ಮಾಡಿ, ಮೇಲ್ ಆಮೇಲೆ. ಉಳಿದ ರೆಫರಲ್‌ಗಳಿಗೂ ಎರಡು ದಿನದಲ್ಲಿ ‘ತಲುಪಿತು’ ಎಂಬ ಉತ್ತರ ಬಾರದಿದ್ದರೆ ಕರೆ ಮಾಡಿ ಕೇಳಿ, ಆ ಉತ್ತರವನ್ನೂ ರೋಗಿಯ ಫೈಲ್‌ಗೆ ಸೇರಿಸಿ.